ಮೈನಸ್ 24 ನಿಜವೋ, ಮೈನಸ್ 38 ನಿಜವೋ? ಕಿವಿ ಉದುರುವ ಮುಂಚೆ ಯಾರಾದರೂ ಹೇಳಿ

ಹಾವೇರಿಯವನು (ವಿನ್ನಿಪೆಗ್)
ಎಲ್ಲರಿಗೂ ನಮಸ್ಕಾರ. ಕಳೆದ ಅಕ್ಟೋಬರ್‌ನಲ್ಲಿ ಕೆಲಸದ ಮೇಲೆ ಇಲ್ಲಿಗೆ ಬಂದಿದ್ದೇನೆ. ನವೆಂಬರ್ ಮುಗಿಯುವವರೆಗೆ "ಇಷ್ಟೇನಾ ನಿಮ್ಮ ಚಳಿ" ಎಂದು ಕಚೇರಿಯಲ್ಲಿ ಮೀಸೆ ತಿರುವುತ್ತಿದ್ದೆ. ನಿನ್ನೆ ಮೀಸೆಯೇ ಹೆಪ್ಪುಗಟ್ಟಿತು.

ಬೆಳಿಗ್ಗೆ ಮೊಬೈಲ್ ನೋಡಿದರೆ ಮೈನಸ್ 24 ಎಂದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ವಿಂಡ್ ಚಿಲ್ ಮೈನಸ್ 38 ಎಂದಿತ್ತು. ದೊಡ್ಡ ಅಕ್ಷರವನ್ನು ನಂಬಿ ಟೊಪ್ಪಿಗೆ ಇಲ್ಲದೆ, ಜಾಕೆಟ್ ಒಂದನ್ನು ಏರಿಸಿಕೊಂಡು ಹೊರಟೆ. ಬಸ್ ಹದಿನೇಳು ನಿಮಿಷ ತಡ. ಮೊದಲು ಕಿವಿ ಉರಿಯಿತು, ಆಮೇಲೆ ನೋವೇ ನಿಂತುಹೋಯಿತು. "ಸದ್ಯ, ಒಗ್ಗಿತು" ಎಂದುಕೊಂಡೆ. ಕಚೇರಿಗೆ ಬಂದಾಗ ಸ್ವಾಗತದ ಮೇಜಿನಲ್ಲಿದ್ದ ಅಜ್ಜಿ ನನ್ನ ಕಿವಿ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. ಕಿವಿಯ ಅಂಚು ಬೂದಿ ಬಳಿದ ಹಾಗೆ ಆಗಿತ್ತು, ಮುಟ್ಟಿದರೆ ಮೇಣದ ಹಾಗೆ. ಒಳಗೆ ಕುಳಿತ ಮೇಲೆ ಬಣ್ಣ ಬಂತು, ಜೊತೆಗೆ ಸೂಜಿ ಚುಚ್ಚಿದಂಥ ನೋವೂ ಬಂತು.

ಪ್ರಶ್ನೆ ಇಷ್ಟೇ. ಈ ಎರಡು ಸಂಖ್ಯೆಗಳಲ್ಲಿ ನಿಜವಾದದ್ದು ಯಾವುದು? ಫೆಬ್ರವರಿಯಲ್ಲಿ ಅಪ್ಪ, ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಬೆಳಗಿನ ವಾಯುವಿಹಾರ ಬಿಡುವುದಿಲ್ಲ. ಅಮ್ಮ ಸೀರೆ ಬಿಡುವುದಿಲ್ಲ.

ಕಾಫಿಬೀಜ (ಚಿಕಾಗೊ)
ನಿಜವಾದದ್ದು ಮೈನಸ್ 24. ಇನ್ನೊಂದು ಟಿವಿಯವರು ಜನರನ್ನು ಹೆದರಿಸಲು ಹುಟ್ಟಿಸಿದ ಸಂಖ್ಯೆ. ಹದಿನಾರು ವರ್ಷದಿಂದ ಇಲ್ಲಿದ್ದೇನೆ, ಒಂದು ದಿನವೂ ಅದನ್ನು ನೋಡಿಲ್ಲ.

ಮಂಜಿನೂರು (ಮಿನಿಯಾಪೊಲಿಸ್)
ಕಾಫಿಬೀಜ ಅವರೇ, ಗ್ಯಾರೇಜಿನಿಂದ ಗ್ಯಾರೇಜಿಗೆ ಕಾರಿನಲ್ಲಿ ಹೋಗುವವರಿಗೆ ಯಾವ ಸಂಖ್ಯೆಯೂ ಬೇಡ. ಈ ಹುಡುಗ ಬಸ್ಸಿಗೆ ನಿಲ್ಲುವವನು.

ಸೂತ್ರಧಾರ (ಮೈಸೂರು)
ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು ನಾನು. ಹಿಮವನ್ನು ಫ್ರಿಜ್ಜಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ. ಆದರೂ ಈ ಪ್ರಶ್ನೆಗೆ ಉತ್ತರ ಹಾವೇರಿಯಲ್ಲೇ ಇದೆ.

ಬಿಸಿ ಚಹಾವನ್ನು ಬಸಿಗೆ ಸುರಿದು ಊದುತ್ತೀರಲ್ಲ, ಯಾಕೆ? ಚಹಾದ ಮೇಲೆ ಬಿಸಿಗಾಳಿಯ ತೆಳು ಪದರವೊಂದು ಕುಳಿತಿರುತ್ತದೆ. ನೀವು ಅದನ್ನು ಊದಿ ಓಡಿಸುತ್ತೀರಿ. ಚಹಾ ಮತ್ತೆ ತನ್ನ ಶಾಖ ಕೊಟ್ಟು ಹೊಸ ಪದರ ಕಟ್ಟಿಕೊಳ್ಳುತ್ತದೆ. ಅದನ್ನೂ ಊದುತ್ತೀರಿ. ನಿಮ್ಮ ಕಿವಿಗೆ ನಿನ್ನೆ ಆದದ್ದು ಇದೇ. ಮೈ ಕಷ್ಟಪಟ್ಟು ಬೆಚ್ಚಗೆ ಮಾಡಿದ ಗಾಳಿಯ ಪದರವನ್ನು ಗಂಟೆಗೆ 30 ಕಿಲೋಮೀಟರ್ ಗಾಳಿ ಎಳೆದುಕೊಂಡು ಹೋಗುತ್ತಲೇ ಇತ್ತು. (ಮೈನಸ್ 24, ಗಾಳಿ 30 ಎಂದು ಸೂತ್ರಕ್ಕೆ ಹಾಕಿದರೆ ಸರಿಯಾಗಿ ಮೈನಸ್ 38 ಬರುತ್ತದೆ. ಈಗ ತಾನೇ ಲೆಕ್ಕ ಹಾಕಿದೆ.)

ಹಾಗೆಂದು ಎಷ್ಟು ಊದಿದರೂ ಚಹಾ ಕೋಣೆಗಿಂತ ತಣ್ಣಗಾಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ನಿಮ್ಮ ಕಿವಿಯೂ ಮೈನಸ್ 24ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಆದರೆ ಅಲ್ಲಿಗೆ ಇಳಿಯುವ ಓಟ ಮಾತ್ರ, ಗಾಳಿಯೇ ಇಲ್ಲದ ಮೈನಸ್ 38ರ ದಿನ ಇಳಿಯುವಷ್ಟು ವೇಗದ್ದು. ಮೈನಸ್ 24 ಗಾಳಿಯ ತಾಪ. ಮೈನಸ್ 38 ನಿಮ್ಮ ಚರ್ಮದ ಅವಸರ. ಎರಡೂ ನಿಜ.

ಕಾಫಿಬೀಜ
ಚಹಾ ತಣ್ಣಗಾಗುವುದರಲ್ಲಿ ಆವಿಯ ಪಾತ್ರವೂ ಇದೆ ಮೇಷ್ಟ್ರೇ. ಊದುತ್ತಲೇ ಇದ್ದರೆ ಕೋಣೆಗಿಂತ ತುಸು ತಣ್ಣಗೇ ಆಗುತ್ತದೆ. ಉದಾಹರಣೆ ಕುಂಟುತ್ತಿದೆ.

ಸೂತ್ರಧಾರ
ಒಪ್ಪಿದೆ. ಆವಿಯ ಮಾತು ಬಿಡಲೆಂದೇ "ಇಟ್ಟುಕೊಳ್ಳಿ" ಎಂದೆ. ಆದರೆ ಈ ಆಕ್ಷೇಪಣೆಯಿಂದ ಒಂದು ಉಪಯೋಗವಾಯಿತು. ವಿಂಡ್ ಚಿಲ್ ಸೂತ್ರ ಒಣ ಚರ್ಮಕ್ಕೆ ಮಾತ್ರ. ಬೆವರಿದ್ದರೆ, ಕೈಗವಸು ಒದ್ದೆಯಾಗಿದ್ದರೆ ಪರಿಸ್ಥಿತಿ ಸೂತ್ರ ಹೇಳುವುದಕ್ಕಿಂತ ಕೆಟ್ಟದಾಗಿರುತ್ತದೆ.

ಸುಮ್ಮನೆ ಓದುವವ
ಹಾಗಾದರೆ ತಾಪ ಪ್ಲಸ್ 5 ಇದ್ದು, ವಿಂಡ್ ಚಿಲ್ ಮೈನಸ್ 1 ಎಂದು ತೋರಿಸಿದರೆ ತೋಟದ ನಲ್ಲಿಯ ನೀರು ಹೆಪ್ಪುಗಟ್ಟುತ್ತದೆಯೇ?

ಸೂತ್ರಧಾರ
ಇಲ್ಲ. ನೀರು ಬೇಗ 5ಕ್ಕೆ ಇಳಿದು ಅಲ್ಲೇ ಕೂರುತ್ತದೆ. ನಲ್ಲಿಗೆ, ಕಾರಿಗೆ, ಒಣಗಲು ಹಾಕಿದ ಬಟ್ಟೆಗೆ ದೊಡ್ಡ ಅಕ್ಷರದ ಸಂಖ್ಯೆ. ಒಳಗೆ ಬಿಸಿರಕ್ತ ಇರುವವರಿಗೆ, ನಾಯಿಯೂ ಸೇರಿ, ಸಣ್ಣ ಅಕ್ಷರವನ್ನೂ ನೋಡಬೇಕು.

ಹಾವೇರಿಯವನು
ಕಾರಿನ ಮಾತು ಬಂದದ್ದರಿಂದ ಹೇಳುತ್ತೇನೆ. ಬಂದ ಹೊಸದರಲ್ಲಿ ಇಲ್ಲಿನ ಪ್ರತಿ ಕಾರಿನ ಮೂತಿಯಿಂದಲೂ ಒಂದು ವಿದ್ಯುತ್ ವೈರು ನೇತಾಡುವುದನ್ನು ನೋಡಿ "ಎಷ್ಟು ಮುಂದುವರಿದ ಊರು, ಎಲ್ಲರದ್ದೂ ವಿದ್ಯುತ್ ಕಾರು" ಎಂದು ಅಮ್ಮನಿಗೆ ಫೋನಿನಲ್ಲಿ ವರ್ಣಿಸಿದ್ದೆ. ಅದು ರಾತ್ರಿ ಎಂಜಿನ್ನನ್ನು ಬೆಚ್ಚಗಿಡುವ ಹೀಟರಿನ ವೈರು ಎಂದು ಗೊತ್ತಾದದ್ದು ಡಿಸೆಂಬರ್‌ನಲ್ಲಿ.

ಮಂಜಿನೂರು
ಹ ಹ. ಎಲ್ಲರೂ ಮೊದಲ ವರ್ಷ ಅದನ್ನೇ ಅಂದುಕೊಳ್ಳುತ್ತಾರೆ.

ಕಾಫಿಬೀಜ ಅವರು ಹೆದರಿಸಲು ಹುಟ್ಟಿಸಿದ್ದು ಎನ್ನುತ್ತಿದ್ದಾರೆ. ಇದು ಹುಟ್ಟಿದ್ದು ಟಿವಿಯಲ್ಲಲ್ಲ, ಅಂಟಾರ್ಕ್ಟಿಕಾದಲ್ಲಿ. ಪಾಲ್ ಸೈಪಲ್ ಎಂಬಾತ 1928ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಸ್ಕೌಟ್ ಹುಡುಗನಾಗಿ ಅಮೆರಿಕದ ಅನ್ವೇಷಕ ಬರ್ಡ್ ಅವರ ಅನ್ವೇಷಣಾ ಯಾತ್ರೆಯ ಜೊತೆ ದಕ್ಷಿಣ ಧ್ರುವದ ಕಡೆ ಹೋದವನು. ಆಮೇಲೆ ವಿಜ್ಞಾನಿಯಾಗಿ ಮತ್ತೆ ಅಲ್ಲಿಗೇ ಹೋದ. 1940ರ ದಶಕದ ಆರಂಭದಲ್ಲಿ ಅವನೂ ಚಾರ್ಲ್ಸ್ ಪಾಸೆಲ್ ಎಂಬ ಜೊತೆಗಾರನೂ ಒಂದು ಪ್ಲಾಸ್ಟಿಕ್ ಡಬ್ಬಿಗೆ ನೀರು ತುಂಬಿ, ಕಂಬಕ್ಕೆ ನೇತುಹಾಕಿ, ಯಾವ ಗಾಳಿಗೆ ಎಷ್ಟು ಹೊತ್ತಿನಲ್ಲಿ ಹೆಪ್ಪುಗಟ್ಟುತ್ತದೆ ಎಂದು ಗಡಿಯಾರ ಹಿಡಿದು ಕುಳಿತರು. 1945ರಲ್ಲಿ ಅದು ಪ್ರಕಟವಾಯಿತು.

ಕಾಫಿಬೀಜ
ಡಬ್ಬಿಯ ನೀರಿಗೂ ನನ್ನ ಮೂಗಿಗೂ ಏನು ಸಂಬಂಧ? ನನ್ನ ಮಾತನ್ನೇ ನೀವು ಸಾಬೀತು ಮಾಡಿದಿರಿ.

ಮಂಜಿನೂರು
ಅದನ್ನೇ ಹೇಳಲು ಬಂದೆ, ಪೂರ್ತಿ ಕೇಳಿ. ಡಬ್ಬಿಯಲ್ಲಿ ರಕ್ತ ಓಡುವುದಿಲ್ಲ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ಕೊನೆಗೆ 2001ರಲ್ಲಿ ಟೊರಾಂಟೊದಲ್ಲಿ ಹನ್ನೆರಡು ಜನ ಸ್ವಯಂಸೇವಕರನ್ನು, ಆರು ಗಂಡಸರು, ಆರು ಹೆಂಗಸರು, ತಣ್ಣನೆಯ ಗಾಳಿಸುರಂಗದಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಸಿದರು. ಮುಖಕ್ಕೆ ತಾಪ ಅಳೆಯುವ ಬಿಲ್ಲೆಗಳನ್ನು ಅಂಟಿಸಿದ್ದರು. ಅದೇ ವರ್ಷ ನವೆಂಬರ್‌ನಿಂದ ಅಮೆರಿಕ, ಕೆನಡಾ ಎರಡೂ ಹೊಸ ಸೂತ್ರಕ್ಕೆ ಬಂದವು. ಹಳೆಯದು ನಿಜಕ್ಕೂ ಹೆದರಿಸುತ್ತಿತ್ತು. ಮೈನಸ್ 18ರ ತಾಪ, 48 ಕಿಲೋಮೀಟರ್ ಗಾಳಿ ಇದ್ದರೆ ಹಳೆಯದು ಸುಮಾರು ಮೈನಸ್ 44 ಎನ್ನುತ್ತಿತ್ತು. ಹೊಸದು ಮೈನಸ್ 32 ಎನ್ನುತ್ತದೆ. ಆದ್ದರಿಂದ "ನಮ್ಮ ಕಾಲದಲ್ಲಿ ಮೈನಸ್ 60ರಲ್ಲಿ ಶಾಲೆಗೆ ನಡೆಯುತ್ತಿದ್ದೆವು" ಎನ್ನುವ ಇಲ್ಲಿನ ಅಜ್ಜಂದಿರ ಮಾತಿಗೆ ಸ್ವಲ್ಪ ರಿಯಾಯಿತಿ ಕೊಟ್ಟುಕೊಳ್ಳಿ.

ಕಾಫಿಬೀಜ
ಹನ್ನೆರಡೇ ಜನ!

ಪದಕೋಶ (ಧಾರವಾಡ)
ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಎಲ್ಲರೂ "ವಿಂಡ್ ಚಿಲ್" ಎಂದೇ ಬರೆಯುತ್ತಿದ್ದೀರಿ. ಕನ್ನಡದಲ್ಲಿ ಪದವಿಲ್ಲವೇ? "ಶೀತಗಾಳಿ" ಎಂದರೆ ಹೇಗೆ?

ಸೂತ್ರಧಾರ
ಶೀತಗಾಳಿ ಬೇರೆ. ಬೀದರ್, ವಿಜಯಪುರದ ಕಡೆ ಕನಿಷ್ಠ ತಾಪ 10 ಡಿಗ್ರಿ ಅಥವಾ ಅದಕ್ಕೂ ಕೆಳಗೆ ಇಳಿದು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಗೂ ಹೆಚ್ಚು ಕಡಿಮೆಯಾದಾಗ ಹವಾಮಾನ ಇಲಾಖೆ ಕೊಡುವ ಎಚ್ಚರಿಕೆಗೆ ಪತ್ರಿಕೆಗಳು ಆ ಪದ ಬಳಸುತ್ತವೆ. ಅಲ್ಲಿ ಗಾಳಿ ಬೀಸಲೇಬೇಕೆಂದಿಲ್ಲ.

ಪದಕೋಶ
"ಕುಳಿರ್ಗಾಳಿ" ಇದೆ. ಆದರೆ ಅದು ಗಾಳಿಯ ಹೆಸರು, ಅಳತೆಯ ಹೆಸರಲ್ಲ. "ಗಾಳಿಚಳಿ" ಎನ್ನೋಣವೇ? ಬಿಸಿಲಬೇಗೆ ಇದ್ದಂತೆ ಗಾಳಿಚಳಿ.

ಮೂರು ಮಕ್ಕಳ ತಾಯಿ (ಕ್ಯಾಲ್ಗರಿ)
ಗಾಳಿಚಳಿ ಚೆನ್ನಾಗಿದೆ. ಇಂದಿನಿಂದ ನಮ್ಮ ಮನೆಯಲ್ಲಿ ಅದೇ.

ಬೀದರ್ ಬುಲೆಟ್
ಬೀದರ್ ಹೆಸರು ಬಂತಲ್ಲ, ಇನ್ನು ಸುಮ್ಮನಿರುವುದು ಹೇಗೆ. ಕೆನಡಾಕ್ಕೆ ಹೋಗಬೇಕಾಗಿಲ್ಲ. ಡಿಸೆಂಬರ್ ಕೊನೆಯ ವಾರ ಬೆಳಗಿನ ಐದಕ್ಕೆ ಬೀದರಿನಿಂದ ಹುಮನಾಬಾದಿಗೆ ಬೈಕಿನಲ್ಲಿ ಬನ್ನಿ. 8 ಡಿಗ್ರಿ ಇರುತ್ತದೆ, ಬೆರಳು ಬ್ರೇಕ್ ಹಿಡಿಯುವುದಿಲ್ಲ. ನಮ್ಮ ಅಪ್ಪ ಹೇಳಿಕೊಟ್ಟ ಉಪಾಯ: ಅಂಗಿಯ ಒಳಗೆ ಎದೆಗೆ ಎರಡು ಹಳೆಯ ದಿನಪತ್ರಿಕೆ. ಭಾನುವಾರದ್ದಾದರೆ ಉತ್ತಮ, ಪುಟ ಹೆಚ್ಚು.

ಸೂತ್ರಧಾರ
ಅಪ್ಪ ಭೌತಶಾಸ್ತ್ರಜ್ಞರು. ಕಾಗದ ಗಾಳಿಯನ್ನು ತಡೆಯುತ್ತದೆ, ಪುಟಗಳ ನಡುವೆ ಸಿಕ್ಕ ಗಾಳಿ ಶಾಖವನ್ನು ಹಿಡಿಯುತ್ತದೆ. 8 ಡಿಗ್ರಿ, 50 ಕಿಲೋಮೀಟರ್ ವೇಗ ಎಂದರೆ ಸೂತ್ರದ ಪ್ರಕಾರ ಸುಮಾರು 3 ಡಿಗ್ರಿ.

ಮಂಜಿನೂರು
ಮೇಷ್ಟ್ರೇ, ಇಲ್ಲಿ ಒಂದು ತಿದ್ದುಪಡಿ. ಸೂತ್ರಕ್ಕೆ ಹಾಕುವುದು ಹವಾಮಾನ ಕೇಂದ್ರದವರು 10 ಮೀಟರ್ ಎತ್ತರದಲ್ಲಿ ಅಳೆದ ಗಾಳಿ. ಮುಖದ ಎತ್ತರದಲ್ಲಿ ಅದರ ಮೂರನೇ ಎರಡು ಭಾಗದಷ್ಟೇ ಇರುತ್ತದೆ ಎಂದು ಸೂತ್ರದೊಳಗೇ ಕಳೆದಿರುತ್ತಾರೆ. ಬೈಕಿನವನ 50 ನೇರ ಮುಖಕ್ಕೇ ಬಡಿಯುತ್ತದೆ. ಹಾಗಾಗಿ 75 ಎಂದು ಹಾಕಬೇಕು. 2 ಡಿಗ್ರಿ ಬರುತ್ತದೆ.

ಸೂತ್ರಧಾರ
ಇದು ನನಗೆ ಹೊಳೆದಿರಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದ್ದು ವ್ಯರ್ಥ.

ಬೀದರ್ ಬುಲೆಟ್
3 ಇರಲಿ 2 ಇರಲಿ, ಬೆರಳು ನನ್ನದು.

ರಾತ್ರಿಪಾಳಿ (ಎಡ್ಮಂಟನ್)
ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್ ಆಗಿದ್ದೇನೆ. ಎಲ್ಲರೂ ಸೂತ್ರದ ಹಿಂದೆ ಬಿದ್ದು ಹುಡುಗನ ಕಿವಿಯನ್ನೇ ಮರೆತಿದ್ದೀರಿ.

ಹಾವೇರಿಯ ತಮ್ಮಾ, ನೋವು ನಿಂತಾಗ "ಒಗ್ಗಿತು" ಎಂದುಕೊಂಡೆಯಲ್ಲ, ಅಪಾಯ ಶುರುವಾದದ್ದೇ ಅಲ್ಲಿ. ಮರಗಟ್ಟಿದ ಮೇಲೆ ಚರ್ಮ ದೂರು ಹೇಳುವುದಿಲ್ಲ. ನಿನಗೆ ಆದದ್ದು ಹಿಮಗಡಿತದ, ಅಂದರೆ ಚರ್ಮವೇ ಹೆಪ್ಪುಗಟ್ಟುವುದರ, ಹೊಸ್ತಿಲು. ಬಣ್ಣ ಮರಳಿತು ಎಂದರೆ ಬಚಾವಾದೆ. ಪುಸ್ತಕಗಳಲ್ಲಿ "ಚರ್ಮ ಬಿಳಿಚಿಕೊಳ್ಳುತ್ತದೆ" ಎಂದು ಇರುತ್ತದೆ. ನಮ್ಮ ಮೈಬಣ್ಣದಲ್ಲಿ ಅದು ಬಿಳಿಯಾಗಿ ಕಾಣುವುದಿಲ್ಲ, ಬೂದು ಅಥವಾ ಹಳದಿ ಛಾಯೆಯ ಮೇಣದಂತೆ ಕಾಣುತ್ತದೆ. ನೀನು ಬೂದಿ ಬಳಿದ ಹಾಗೆ ಎಂದದ್ದು ಸರಿಯಾದ ವರ್ಣನೆ. ಕನ್ನಡಿಯಲ್ಲಿ ಬಿಳಿಗಾಗಿ ಕಾಯುತ್ತಾ ಕುಳಿತವರನ್ನು ನೋಡಿದ್ದೇನೆ.

ಮುಂದೆ ಹೀಗಾದರೆ ಉಜ್ಜಬೇಡ. ಉಜ್ಜಿದರೆ ಒಳಗಿನ ಹಿಮದ ಹರಳು ಗಾಜಿನ ಪುಡಿಯ ಹಾಗೆ ಕೊಯ್ಯುತ್ತದೆ. ಹಿಮ ತಿಕ್ಕುವುದಂತೂ ಬೇಡವೇ ಬೇಡ, ಅದು ಹಳೆಯ ಮೌಢ್ಯ. ಹೀಟರಿನ ಮುಂದೆ, ಒಲೆಯ ಮುಂದೆ ಹಿಡಿಯಬೇಡ, ಸುಟ್ಟರೂ ಗೊತ್ತಾಗುವುದಿಲ್ಲ. ಕೈಬೆರಳಾದರೆ ಕಂಕುಳಲ್ಲಿ ಇಟ್ಟುಕೋ. ಇಲ್ಲವಾದರೆ 37ರಿಂದ 39 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆ ಅದ್ದಿಡಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಎಳೆಮಗುವಿಗೆ ಎರೆಯುವ ನೀರನ್ನು ಮೊಣಕೈ ಅದ್ದಿ ನೋಡುತ್ತಾರಲ್ಲ, ಅಷ್ಟು ಹದ. ನೋಡುವುದು ಮರಗಟ್ಟದ ಕೈಯಿಂದ. ಮತ್ತೆ ಚಳಿಗೆ ಹೋಗಬೇಕಾದ ಪ್ರಸಂಗ ಇದ್ದರೆ ಕರಗಿಸಲೇಬೇಡ, ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಎಷ್ಟೋ ಹೆಚ್ಚು. ಚರ್ಮ ಗಟ್ಟಿಯಾಗಿದ್ದರೆ, ಗುಳ್ಳೆ ಎದ್ದರೆ, ಬಣ್ಣ ಬರದಿದ್ದರೆ ಆಸ್ಪತ್ರೆಗೆ ಬಾ. ಗುಳ್ಳೆ ಒಡೆಯಬೇಡ.

ಹಾವೇರಿಯವನು
ಅಕ್ಕಾ, ಧನ್ಯವಾದ. ಉಜ್ಜಿದ್ದೆ. ಚೆನ್ನಾಗಿಯೇ ಉಜ್ಜಿದ್ದೆ.

ರಾತ್ರಿಪಾಳಿ
ಎಲ್ಲರೂ ಉಜ್ಜಿಕೊಂಡೇ ಬರುತ್ತಾರೆ. ಇನ್ನು ಕಾಫಿಬೀಜ ಅವರು "ಒಂದು ದಿನವೂ ಅದನ್ನು ನೋಡಿಲ್ಲ" ಎಂದದ್ದಕ್ಕೆ ಉತ್ತರ. ನಾನು ಆ ಸಂಖ್ಯೆಯನ್ನು ಡಿಗ್ರಿಯಾಗಿ ಓದುವುದೇ ಇಲ್ಲ, ನಿಮಿಷವಾಗಿ ಓದುತ್ತೇನೆ. ಕೆನಡಾದ ಹವಾಮಾನ ಇಲಾಖೆಯೂ ಗಾಳಿಚಳಿಯ ಮುಂದೆ ಡಿಗ್ರಿಯ ಗುರುತು ಹಾಕುವುದಿಲ್ಲ, ಗಮನಿಸಿ. ಮೈನಸ್ 28ರಿಂದ 39ರವರೆಗೆ ತೆರೆದ ಚರ್ಮ ಹೆಪ್ಪುಗಟ್ಟಲು 10ರಿಂದ 30 ನಿಮಿಷ. 40ರಿಂದ 47ರವರೆಗೆ 5ರಿಂದ 10 ನಿಮಿಷ. 48ರಿಂದ 54ರವರೆಗೆ 2ರಿಂದ 5. ಅದರಾಚೆ ಎರಡು ನಿಮಿಷವೂ ಇಲ್ಲ. ಬಸ್ಸು ಹದಿನೇಳು ನಿಮಿಷ ತಡ ಎಂದೆಯಲ್ಲ, ಮೈನಸ್ 38ಕ್ಕೆ ಲೆಕ್ಕ ಹಾಕು.

ಸುಮ್ಮನೆ ಓದುವವ
ಇದನ್ನು ಮೊದಲೇ ಹೇಳಿದ್ದರೆ ಅಂಟಾರ್ಕ್ಟಿಕಾಕ್ಕೆ ಹೋಗಿ ಬರುವ ಖರ್ಚು ಉಳಿಯುತ್ತಿತ್ತು.

ಕಾಫಿಬೀಜ
ಸರಿ, ನಿಮಿಷದ ಲೆಕ್ಕ ಒಪ್ಪುತ್ತೇನೆ. ಆದರೆ 2019ರ ಜನವರಿ 30ರಂದು ಇಲ್ಲಿ ಮೈನಸ್ 30 ದಾಟಿದಾಗ ನಾನು ಹೊರಗೆ ಹೋಗಿ ಕುದಿಯುವ ನೀರನ್ನು ಗಾಳಿಗೆ ಎರಚಿ, ಅದು ಹಿಮದ ಪುಡಿಯಾಗಿ ಹಾರುವ ವಿಡಿಯೊ ಮಾಡಿಕೊಂಡೇ ಬಂದೆ. ಏನೂ ಆಗಲಿಲ್ಲ.

ರಾತ್ರಿಪಾಳಿ
ಗಾಳಿಗೆ ಬೆನ್ನು ಹಾಕಿ ಎರಚಿದ್ದೀರಿ, ಅದೃಷ್ಟ. ಗಾಳಿಗೆ ಎದುರಾಗಿ ಎರಚಿ ಮುಖ, ಕೈ ಸುಟ್ಟುಕೊಂಡು ಬಂದವರಿಗೆ ಬ್ಯಾಂಡೇಜ್ ಕಟ್ಟಿದ್ದೇನೆ. ಮೈನಸ್ 30ರಲ್ಲಿ ಸುಟ್ಟಗಾಯ! ಫಾರಂನಲ್ಲಿ ಕಾರಣ ಬರೆಯುವಾಗ ಪೆನ್ನು ನಾಚಿತು.

ಮಂಜಿನೂರು
ಅದೇ ವಾರ ನಮ್ಮಲ್ಲಿ ಅಂಚೆಯವರೇ ಬಟವಾಡೆ ನಿಲ್ಲಿಸಿದ್ದರು. ಮಳೆ, ಹಿಮ ಏನೇ ಬಂದರೂ ನಿಲ್ಲದವರು ಎಂದು ಇಲ್ಲಿ ಅಂಚೆಯವರಿಗೆ ಹೆಸರು. ಚಿಕಾಗೊದಲ್ಲಿ ರೈಲು ಹಳಿಯ ಕವಲುಗಳು ಹೆಪ್ಪುಗಟ್ಟದಿರಲಿ ಎಂದು ಗ್ಯಾಸ್ ಉರಿ ಹಚ್ಚಿದ್ದರು. ದೂರದಿಂದ ನೋಡಿದರೆ ಹಳಿಗೇ ಬೆಂಕಿ ಬಿದ್ದ ಹಾಗಿತ್ತು. ಕಾಫಿಬೀಜ ಅವರು ಅದರ ವಿಡಿಯೊ ಮಾಡಲಿಲ್ಲವೇ?

ಅಂದ ಹಾಗೆ 2024ರ ಶರತ್ಕಾಲದಿಂದ ಅಮೆರಿಕದಲ್ಲಿ "ವಿಂಡ್ ಚಿಲ್ ಎಚ್ಚರಿಕೆ" ಎಂಬ ಹೆಸರನ್ನೇ ಕೈಬಿಟ್ಟು "ಅತಿಶೀತ ಎಚ್ಚರಿಕೆ" ಮಾಡಿದ್ದಾರೆ. ಗಾಳಿ ಇಲ್ಲದ ದಿನವೂ ಚಳಿ ಕೊಲ್ಲುತ್ತದೆ ಎಂಬುದು ಜನರಿಗೆ ತಿಳಿಯಲೆಂದು.

ನಿವೃತ್ತ ಸುಬೇದಾರ (ಬೆಳಗಾವಿ)
ದ್ರಾಸ್‌ನಲ್ಲಿ ಎರಡು ಚಳಿಗಾಲ ಕಳೆದಿದ್ದೇನೆ. ನಮಗೆ ಅಲ್ಲಿ ಮೊಬೈಲೂ ಇರಲಿಲ್ಲ, ಸೂತ್ರವೂ ಇರಲಿಲ್ಲ. ಒಂದೇ ಕಟ್ಟಳೆ: ಒಬ್ಬನೇ ಹೊರಗೆ ಹೋಗಬಾರದು. ಜೋಡಿಯಲ್ಲಿ ಹೋಗಬೇಕು, ಆಗಾಗ ಒಬ್ಬರ ಮೂಗು, ಕೆನ್ನೆ, ಕಿವಿಯನ್ನು ಇನ್ನೊಬ್ಬರು ನೋಡಬೇಕು. ತನ್ನ ಮೂಗಿನ ಬಣ್ಣ ತನಗೆ ಕಾಣುವುದಿಲ್ಲವಲ್ಲ. ನನ್ನ ಜೋಡಿ ಗಢವಾಲದ ಹುಡುಗ. ಅವನು "ನಾಕ್" ಎಂದರೆ ನಾನು ತಕ್ಷಣ ಅಂಗೈಯಿಂದ ಮೂಗು ಮುಚ್ಚಿಕೊಳ್ಳುತ್ತಿದ್ದೆ. ರಾತ್ರಿ ಮಲಗುವ ಮುಂಚೆ ಕಾಲುಚೀಲ ಬಿಚ್ಚಿ ಬೆರಳು ತೋರಿಸಬೇಕು. ಒದ್ದೆ ಕಾಲುಚೀಲ ಹಾಕಿ ಮಲಗಿದವನಿಗೆ ಬೈಗುಳ ಖಚಿತ.

ಇನ್ನೊಂದು. ಬುಖಾರಿ (ಕೋಣೆ ಬೆಚ್ಚಗಿಡುವ ಒಲೆ) ಹಚ್ಚಿ ಎಲ್ಲ ಕಿಂಡಿ ಮುಚ್ಚಿ ಮಲಗಬಾರದು. ಚಳಿಯಿಂದ ಬದುಕಿದವರನ್ನು ಹೊಗೆಯಿಲ್ಲದ ಆ ವಿಷಗಾಳಿ ನಿದ್ದೆಯಲ್ಲೇ ಕೊಂಡೊಯ್ಯುತ್ತದೆ. ನಮ್ಮ ಕಡೆ ಕೋಣೆಯೊಳಗೆ ಇದ್ದಿಲ ಅಗ್ಗಿಷ್ಟಿಕೆ ಇಟ್ಟುಕೊಂಡು ಬಾಗಿಲು ಹಾಕಿ ಮಲಗುತ್ತಾರಲ್ಲ, ಅದೂ ಹಾಗೆಯೇ.

ಮಂಜಿನೂರು
ನಮಸ್ಕಾರ ಸುಬೇದಾರರೇ. ಇಲ್ಲಿ ಅದೇ ಅಪಾಯ ಕಾರಿನ ರೂಪದಲ್ಲಿದೆ. ಹಿಮದಲ್ಲಿ ಕಾರು ಸಿಕ್ಕಿಬಿದ್ದಾಗ ಬೆಚ್ಚಗಿರಲು ಎಂಜಿನ್ ಓಡಿಸುತ್ತಾ ಕೂರುತ್ತಾರೆ. ಹಿಂದಿನ ಹೊಗೆಕೊಳವೆ ಹಿಮದಲ್ಲಿ ಹೂತಿದ್ದರೆ ಹೊಗೆ ಒಳಗೇ ಬರುತ್ತದೆ. ಮೊದಲು ಕೊಳವೆಯ ಸುತ್ತ ಹಿಮ ತೆಗೆಯಬೇಕು, ಆಮೇಲೂ ಗಂಟೆಗೆ ಹತ್ತು ನಿಮಿಷ ಮಾತ್ರ ಓಡಿಸಬೇಕು, ಒಂದು ಕಿಟಕಿ ಬೆರಳಷ್ಟು ತೆರೆದಿರಬೇಕು. ಕಾರು ಬಿಟ್ಟು ನಡೆದು ಹೋಗಬಾರದು.

ಪದಕೋಶ
ಸುಬೇದಾರರ ಮಾತು ಓದಿ ನಮ್ಮ ಕುಂದಗೋಳ ತಾಲ್ಲೂಕಿನ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ನೆನಪಾದರು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು, ಆರು ದಿನದ ಮೇಲೆ ಜೀವಂತ ಸಿಕ್ಕಾಗ ಧಾರವಾಡ ಜಿಲ್ಲೆಯಲ್ಲಿ ಗುಡಿಗುಡಿಯಲ್ಲೂ ಪೂಜೆ ನಡೆದಿತ್ತು. 11ರಂದು ಹೋಗಿಬಿಟ್ಟರು.

ನಿವೃತ್ತ ಸುಬೇದಾರ
ಹೌದು. ಆ ಎತ್ತರದಲ್ಲಿ ಅಷ್ಟು ದಿನ ಉಸಿರು ಹಿಡಿದದ್ದೇ ಅಚ್ಚರಿ. ಹಿಮದ ಒಳಗೆ ಗಾಳಿಯಾದರೂ ಬಡಿಯುವುದಿಲ್ಲ. ಬಯಲಲ್ಲಾಗಿದ್ದರೆ ಒಂದು ರಾತ್ರಿಯೂ ಕಷ್ಟ. ಅವರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ಚಳ್ಳಕೆರೆ ಕಂಬಳಿ
ಮೂಲ ಪ್ರಶ್ನೆಗೆ ಬರೋಣ. ಅಪ್ಪ, ಅಮ್ಮನಿಗೆ ಏನು ಹೊದಿಸಬೇಕು? ನನ್ನ ಉತ್ತರ: ಕರಿಕಂಬಳಿ. ನಮ್ಮ ಅಜ್ಜ ಕುರಿ ಮಂದೆಯ ಜೊತೆ ಬಯಲಲ್ಲಿ ಮಲಗುತ್ತಿದ್ದವರು. ಕಂಬಳಿಯನ್ನು ಮಡಿಚಿ ಕೊಪ್ಪೆ ಹಾಕಿಕೊಂಡರೆ ತಲೆ, ಕತ್ತು, ಬೆನ್ನು ಮೂರಕ್ಕೂ ಒಂದೇ ಹೊದಿಕೆ, ಗಾಳಿಗೆ ಬೆನ್ನು ತಿರುಗಿಸಿ ಕುಳಿತರೆ ಮುಗಿಯಿತು. ಒದ್ದೆಯಾದರೂ ಉಣ್ಣೆ ಬೆಚ್ಚಗಿರುತ್ತದೆ. ಹತ್ತಿ ಹಾಗಲ್ಲ.

ಮೂರು ಮಕ್ಕಳ ತಾಯಿ
ಉಣ್ಣೆಯ ಮಾತು ನೂರಕ್ಕೆ ನೂರು. ಹತ್ತಿ ಬನಿಯನ್ ಬೆವರು ಹೀರಿ ಮೈಗೆ ಅಂಟಿಕೊಂಡು ಕೂರುತ್ತದೆ. ಆದರೆ ಬರೀ ಕಂಬಳಿ, ಸ್ವೆಟರ್ ಸಾಲದು, 30 ಕಿಲೋಮೀಟರ್ ಗಾಳಿ ನೇಯ್ಗೆಯ ಕಣ್ಣುಗಳಲ್ಲಿ ನುಗ್ಗುತ್ತದೆ. ಮೈಗೆ ಅಂಟಿದಂತೆ ತೆಳು ಉಣ್ಣೆಯದು, ಅದರ ಮೇಲೆ ದಪ್ಪದ್ದು, ಎಲ್ಲಕ್ಕೂ ಮೇಲೆ ಗಾಳಿ ತೂರದ ಜಾಕೆಟ್. ಐದು ಬೆರಳಿಗೆ ಐದು ಮನೆ ಇರುವ ಕೈಗವಸಿಗಿಂತ, ನಾಲ್ಕು ಬೆರಳು ಒಂದೇ ಕೋಣೆಯಲ್ಲಿರುವ ಕೈಚೀಲದಂಥದ್ದು ಬೆಚ್ಚಗೆ. ಒಟ್ಟು ಕುಟುಂಬದ ಲಾಭ! ಮುಖಕ್ಕೆ ನಮ್ಮ ಮಂಕಿ ಕ್ಯಾಪ್‌ಗಿಂತ ಮಿಗಿಲಾದದ್ದು ಇಲ್ಲ. ನಗುವವರು ನಗಲಿ. ಸೀರೆಯ ಒಳಗೆ ಉಣ್ಣೆಯ ಲೆಗ್ಗಿಂಗ್ಸ್, ಕಾಲಿಗೆ ಒಂದು ಅಳತೆ ದೊಡ್ಡ ಬೂಟು. ಬಿಗಿಯಾದ ಬೂಟಿನೊಳಗೆ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡದೆ ಇನ್ನೂ ತಣ್ಣಗಾಗುತ್ತದೆ.

ಬೀದರ್ ಬುಲೆಟ್
ಮುಖಕ್ಕೆ ಕೊಬ್ಬರಿ ಎಣ್ಣೆ ದಪ್ಪಗೆ ಬಳಿದುಕೊಂಡರೆ ಚಳಿ ತಾಗುವುದಿಲ್ಲವಲ್ಲ?

ರಾತ್ರಿಪಾಳಿ
ಚರ್ಮ ಒಡೆಯುವುದಕ್ಕೆ ಎಣ್ಣೆ ಒಳ್ಳೆಯದು. ಹಿಮಗಡಿತ ತಡೆಯುವುದಿಲ್ಲ. ಬೆಚ್ಚಗಿದೆ ಎಂಬ ಭ್ರಮೆ ಕೊಟ್ಟು ಇನ್ನೂ ಹತ್ತು ನಿಮಿಷ ಹೊರಗೆ ನಿಲ್ಲಿಸುತ್ತದೆ, ಅಷ್ಟೇ. ಬ್ರಾಂದಿಯೂ ಅದೇ ಜಾತಿ. ಚರ್ಮಕ್ಕೆ ರಕ್ತ ನುಗ್ಗಿಸಿ ಬೆಚ್ಚಗೆನಿಸುತ್ತದೆ, ಒಳಗಿನ ಶಾಖವನ್ನು ಹೊರಗೆ ದಾನ ಮಾಡುತ್ತದೆ.

ಮೂರು ಮಕ್ಕಳ ತಾಯಿ
ಕೊಬ್ಬರಿ ಎಣ್ಣೆ 24 ಡಿಗ್ರಿಗೇ ಗಟ್ಟಿಯಾಗುತ್ತದೆ. ಇಲ್ಲಿ ವರ್ಷದಲ್ಲಿ ಒಂಬತ್ತು ತಿಂಗಳು ಬಾಟಲಿಯೊಳಗೆ ಚಮಚ ಹಾಕಿ ಕೆರೆಯುವುದೇ ಕೆಲಸ.

ರಾತ್ರಿಪಾಳಿ
ಹಾವೇರಿಯ ತಮ್ಮಾ, ಅಪ್ಪನ ಸಕ್ಕರೆ ಕಾಯಿಲೆ ಎಂದೆಯಲ್ಲ, ನನಗೆ ಚಿಂತೆ ಅದು. ತುಂಬಾ ವರ್ಷದ ಕಾಯಿಲೆಯಾದರೆ ಪಾದದ ಸ್ಪರ್ಶ ಮಂಕಾಗಿರುತ್ತದೆ. ನಿನ್ನ ಕಿವಿ ಮರಗಟ್ಟುವ ಮುಂಚೆ ಉರಿದು ಎಚ್ಚರಿಸಿತಲ್ಲ, ಅವರ ಬೆರಳು ಅದನ್ನೂ ಮಾಡುವುದಿಲ್ಲ. ಸುಬೇದಾರರು ಹೇಳಿದಂತೆ ದಿನವೂ ಸಂಜೆ ಕಾಲುಚೀಲ ಬಿಚ್ಚಿಸಿ ನೋಡು. ಬಿಪಿ ಮಾತ್ರೆಗಳಲ್ಲಿ ಕೆಲವು ಕೈಕಾಲಿನ ರಕ್ತ ಸಂಚಾರ ತಗ್ಗಿಸುತ್ತವೆ, ಹೊರಡುವ ಮುಂಚೆ ಅಲ್ಲಿನ ವೈದ್ಯರನ್ನು ಕೇಳಲಿ. ಮತ್ತು ದಯವಿಟ್ಟು ಅವರ ಕೈಗೆ ಹಿಮದ ಸಲಿಕೆ ಕೊಡಬೇಡ. "ನನ್ನ ಮಗ ಒಬ್ಬನೇ ಎತ್ತುತ್ತಿದ್ದಾನೆ" ಎಂದು ಹಿರಿಯರು ಸಲಿಕೆ ಹಿಡಿದ ದಿನವೇ ಹೃದಯಾಘಾತದ ಕರೆ ಬರುತ್ತದೆ.

ಇನ್ನೊಂದು ನೆನಪಿಡು. ನಡುಕ ಮೈ ಕೊಡುವ ಮೊದಲ ಎಚ್ಚರಿಕೆ. ನಡುಕ ನಿಂತು, ಮಾತು ತೊದಲಿ, ಗುಂಡಿ ಹಾಕಿಕೊಳ್ಳಲು ಕೈ ತಡವರಿಸಿ, ಎಡವಿದರೆ ಮೈಯ ಒಳಗಿನ ತಾಪ 35ಕ್ಕಿಂತ ಸಾಕಷ್ಟು ಕೆಳಗೆ ಹೋಗಿದೆ ಎಂದು ತಿಳಿ. ಆಗ ಕೆಲವರು "ಸೆಕೆ" ಎಂದು ಬಟ್ಟೆ ಬಿಚ್ಚಲೂ ಶುರು ಮಾಡುತ್ತಾರೆ. ಕುಡಿದಿದ್ದಾನೆ ಎಂದುಕೊಂಡು ಜನ ದಾಟಿ ಹೋಗುತ್ತಾರೆ. ತಕ್ಷಣ ತುರ್ತು ಸಂಖ್ಯೆ 911.

ಹಾವೇರಿಯವನು
ಎಲ್ಲವನ್ನೂ ಬರೆದಿಟ್ಟುಕೊಂಡೆ. ಈಗ ಒಂದು ಹೊಸ ಸಮಸ್ಯೆ. ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಎಲ್ಲಕ್ಕೂ ಹೂಂ ಅಂದರು. ಕೊನೆಗೆ "ಮೂಗುಬೊಟ್ಟು ಏನು ಮಾಡಲಿ?" ಎಂದರು.

ಕಾಫಿಬೀಜ
ಇದಕ್ಕೆ ಅಂಟಾರ್ಕ್ಟಿಕಾದಲ್ಲಿ ಉತ್ತರವಿಲ್ಲ.

ಮೂರು ಮಕ್ಕಳ ತಾಯಿ
ನಗಬೇಡಿ, ಇದು ನಿಜವಾದ ತೊಂದರೆ. ಮೊದಲ ವರ್ಷ ನಾನು ಮೂಗುಬೊಟ್ಟು, ಬೆಂಡೋಲೆ ಹಾಕಿಕೊಂಡೇ ಮಕ್ಕಳನ್ನು ಶಾಲೆಗೆ ಬಿಡಲು ಹೋದೆ. ಲೋಹ ಮೊದಲು ತಣ್ಣಗಾಗಿ ತೂತಿನ ಸುತ್ತಲಿನ ಮಾಂಸದ ಶಾಖವನ್ನು ಎಳೆಯುತ್ತದೆ. ಬೊಟ್ಟಿನ ಸುತ್ತ ಒಂದು ಕಾಳಿನಷ್ಟು ಚರ್ಮ ಎರಡು ದಿನ ಕಪ್ಪಾಗಿತ್ತು. ನನ್ನ ಅತ್ತೆ ಮೂಗುಬೊಟ್ಟು ತೆಗೆಯಲು ಒಪ್ಪಲಿಲ್ಲ, ಮೂಗಿನ ಮೇಲೆ ಉಣ್ಣೆಯ ಮಫ್ಲರ್ ಸುತ್ತಿಯೇ ನಾಲ್ಕು ತಿಂಗಳು ಕಳೆದರು. ತೆಗೆಯುವುದಾದರೆ ತೂತು ಮುಚ್ಚದಂತೆ ಬೇವಿನ ಕಡ್ಡಿ ಇಟ್ಟುಕೊಳ್ಳಲಿ, ಊರಲ್ಲಿ ಬೊಟ್ಟು ಕಳೆದಾಗ ಇಡುತ್ತಾರಲ್ಲ, ಹಾಗೆ. ಊರಿಂದಲೇ ತರಲಿ, ಇಲ್ಲಿ ಬೇವು ಎಲ್ಲಿ?

ರಾತ್ರಿಪಾಳಿ
ಕಾಲುಂಗುರವನ್ನೂ ಸೇರಿಸಿ. ಬೆರಳು ಬಾತರೆ ಉಂಗುರ ಹೊರಗೆ ಬರುವುದಿಲ್ಲ, ಕತ್ತರಿಸಬೇಕಾಗುತ್ತದೆ. ಎರಡು ಸಲ ಕತ್ತರಿಸಿದ್ದೇನೆ. ಒಬ್ಬರು ಬೆರಳಿಗಿಂತ ಉಂಗುರಕ್ಕೆ ಹೆಚ್ಚು ಅತ್ತರು.

ಪದಕೋಶ
ಫೆಬ್ರವರಿ ಎಂದರೆ ಶಿವರಾತ್ರಿ ಹತ್ತಿರ. ಚಳಿ "ಶಿವ ಶಿವಾ" ಎಂದು ಓಡಿಹೋಗುವ ಹೊತ್ತು. ಅಷ್ಟೇನೂ ಕಷ್ಟವಾಗಲಾರದು.

ಮಂಜಿನೂರು
ಶಿವ ಇಲ್ಲಿ ಕೈಲಾಸದಲ್ಲೇ ಇದ್ದಾನೆ ಎಂದುಕೊಳ್ಳಿ. ಏಪ್ರಿಲ್‌ವರೆಗೂ ಓಡಿಹೋಗುವುದಿಲ್ಲ.

ಹಾವೇರಿಯವನು
(ಐದು ವಾರಗಳ ನಂತರ)
ಕೇಳಿದವರಿಗಾಗಿ ಸುದ್ದಿ. ಅಪ್ಪ, ಅಮ್ಮ ಬಂದರು. ವಿಮಾನ ನಿಲ್ದಾಣದಲ್ಲಿ ಜಾಕೆಟ್ಟು, ಬೂಟು ಹಿಡಿದುಕೊಂಡು ಬಾಗಿಲ ಒಳಗೇ ಕಾದಿದ್ದೆ. ಚೀಲದೊಳಗೆ ಚಳ್ಳಕೆರೆಯ ಕಂಬಳಿಯೊಂದು ಇತ್ತು, ಈ ಚರ್ಚೆಯನ್ನು ತಂಗಿ ಅಪ್ಪನಿಗೆ ಓದಿ ಹೇಳಿದ್ದಳಂತೆ. ಅಮ್ಮನ ಮೂಗಿನಲ್ಲಿ ಬೇವಿನ ಕಡ್ಡಿ ಇದೆ. ಕಾಲುಂಗುರ ತೆಗೆಯಲಿಲ್ಲ, ಸಡಿಲ ಮಾಡಿಸಿಕೊಂಡು ಬಂದಿದ್ದಾರೆ.

ಅಪ್ಪ ಬೆಳಿಗ್ಗೆ ಎದ್ದ ತಕ್ಷಣ ಕೇಳುವುದು "ಇವತ್ತು ಎಷ್ಟು ನಿಮಿಷ?" ಎಂದು. ಇಂದು ಮೈನಸ್ 43 ಎಂದೆ. "ಹಾಗಾದರೆ ಹಾಲು ನೀನೇ ತಾ" ಎಂದು ಮತ್ತೆ ಹೊದ್ದುಕೊಂಡರು.

ನಿವೃತ್ತ ಸುಬೇದಾರ
ಸರಿಯಾದ ಆಜ್ಞೆ. ಅಮ್ಮನ ಕಾಲಿನ ಬೆರಳು ನೋಡುತ್ತಿದ್ದೀಯಾ?

ಹಾವೇರಿಯವನು
ಅಪ್ಪನದ್ದು ಅಮ್ಮ, ಅಮ್ಮನದ್ದು ಅಪ್ಪ ನೋಡುತ್ತಾರೆ. ರಾತ್ರಿ ಊಟವಾದ ಮೇಲೆ, ಧಾರಾವಾಹಿಯ ಜಾಹೀರಾತಿನ ನಡುವೆ.

ಈಗ ಅಮ್ಮನ ಒಂದೇ ದೂರು, ಮೊಸರು ಹೆಪ್ಪುಗಟ್ಟುತ್ತಿಲ್ಲವಂತೆ. "ಕಿವಿ ಹೆಪ್ಪುಗಟ್ಟುವ ಊರಲ್ಲಿ ಮೊಸರು ಹೆಪ್ಪುಗಟ್ಟುವುದಿಲ್ಲವಲ್ಲೋ" ಎನ್ನುತ್ತಿದ್ದಾರೆ. ಏನು ಮಾಡಲಿ?

ಮೂರು ಮಕ್ಕಳ ತಾಯಿ
ಓವನ್ ಹಚ್ಚಬೇಡ, ಒಳಗಿನ ದೀಪ ಮಾತ್ರ ಹಾಕಿ ರಾತ್ರಿಯಿಡೀ ಪಾತ್ರೆ ಇಡು. ಹಾಲು ಉಗುರುಬೆಚ್ಚಗಿರಲಿ, ಹೆಪ್ಪು ಒಂದು ಚಮಚ ಜಾಸ್ತಿ.

ಚಳ್ಳಕೆರೆ ಕಂಬಳಿ
ಓವನ್ ಯಾಕೆ? ಕಂಬಳಿ ಬಂದಿದೆಯಲ್ಲ, ಪಾತ್ರೆಗೆ ಸುತ್ತಿ.

ಕಾಫಿಬೀಜ
ಇಬ್ಬರೂ ತಪ್ಪು. ಹಸಿಮೆಣಸಿನಕಾಯಿ ತೊಟ್ಟು ಹಾಕಬೇಕು.